‘ಇವನು ಯಾರು’ ಎಂದು ಯಾರನ್ನು ಕೇಳಬೇಕು? ಕರಾವಳಿಯ ಹೊರಗಿನವರು ಮತ್ತು ಅನುಮಾನದ ದಾರಿ

2024ರ ಅಕ್ಟೋಬರ್‌ನಲ್ಲಿ ಉಡುಪಿ ಪೊಲೀಸರು ಮಲ್ಪೆ ಪರಿಸರದಲ್ಲಿ ನಕಲಿ ಆಧಾರ್ ಕಾರ್ಡ್ ಇಟ್ಟುಕೊಂಡು ನೆಲೆಸಿದ್ದ ಬಾಂಗ್ಲಾದೇಶಿ ಪ್ರಜೆಗಳ ಗುಂಪೊಂದನ್ನು ಬಂಧಿಸಿದರು. 2025ರ ಮಾರ್ಚ್‌ನಲ್ಲಿ ಅದೇ ಮಲ್ಪೆ ಬಂದರಿನಲ್ಲಿ, ವಿಜಯನಗರ ಜಿಲ್ಲೆಯಿಂದ ದುಡಿಯಲು ಬಂದಿದ್ದ ಮಹಿಳೆಯೊಬ್ಬರನ್ನು ಮೀನು ಕದ್ದರೆಂಬ ಆರೋಪದ ಮೇಲೆ ಮರಕ್ಕೆ ಕಟ್ಟಿ ಥಳಿಸಲಾಯಿತು. ಏಪ್ರಿಲ್ 27ರಂದು ಮಂಗಳೂರಿನ ಹೊರವಲಯದ ಕುಡುಪುವಿನಲ್ಲಿ, ಕ್ರಿಕೆಟ್ ಪಂದ್ಯ ನಡೆಯುತ್ತಿದ್ದ ಮೈದಾನದ ಬಳಿ, ಕೇರಳದ ವಯನಾಡು ಮೂಲದ ವ್ಯಕ್ತಿಯೊಬ್ಬರು ಗುಂಪು ಹಲ್ಲೆಗೆ ಸಿಕ್ಕಿ ಸತ್ತರು.

ಈ ಮೂರು ಸುದ್ದಿಗಳನ್ನು ಒಟ್ಟಿಗೆ ಓದಿದವರಿಗೆ ಗೊಂದಲವಾಗುವುದು ಸಹಜ. ಮೊದಲನೆಯದು, ಅಪರಿಚಿತರ ಬಗ್ಗೆ ಎಚ್ಚರದಿಂದಿರಬೇಕೆನ್ನುವವರ ಮಾತಿಗೆ ಪುರಾವೆ ಒದಗಿಸಿದಂತೆ ಕಾಣುತ್ತದೆ. ಉಳಿದೆರಡು, ಆ ಎಚ್ಚರವೇ ಕೈಮೀರಿದರೆ ಏನಾಗುತ್ತದೆ ಎಂಬುದನ್ನು ತೋರಿಸುತ್ತವೆ. ಹಾಗಾದರೆ ಅನುಮಾನಪಡುವುದು ಸರಿಯೋ ತಪ್ಪೋ ಎಂದು ಚರ್ಚೆ ಶುರುವಾಗಿ, ಎರಡು ಪಕ್ಷಗಳಾಗಿ ಒಡೆದು, ಅಲ್ಲಿಯೇ ನಿಂತುಬಿಡುತ್ತದೆ. ಆದರೆ ಅನುಮಾನ ಹುಟ್ಟುವುದನ್ನು ಯಾರೂ ತಡೆಯಲಾರರು. ಹುಟ್ಟಿದ ಅನುಮಾನ ಯಾರ ಬಳಿಗೆ ಹೋಗುತ್ತದೆ, ಯಾರು ಅದಕ್ಕೆ ಉತ್ತರ ಕೊಡಬೇಕಾಗುತ್ತದೆ ಎಂಬುದನ್ನು ಮಾತ್ರ ವ್ಯವಸ್ಥೆ ನಿರ್ಧರಿಸಬಲ್ಲದು. ಕರಾವಳಿಯಲ್ಲಿ ಸದ್ಯ ಉತ್ತರ ಕೊಡಬೇಕಾದವನು ಕಾರ್ಮಿಕ. ಉತ್ತರ ನಿಜವಾಗಿ ಇರುವುದು ಅವನನ್ನು ಕರೆತಂದವನ ಬಳಿ.

ಮನೆ ಕೇಳುವ ಊರು

ತುಳುನಾಡಿನಲ್ಲಿ ಹೊಸಬರನ್ನು ಅಳೆಯುವ ಕ್ರಮ ಹಳೆಯದು. ‘ಈರೆನ ಇಲ್ಲ್ ಓಲು?’ ಎಂದು ಮೊದಲು ಮನೆ ಎಲ್ಲೆಂದು ಕೇಳುತ್ತಾರೆ. ಊರು, ಗುತ್ತು ಅಥವಾ ಬರ್ಕೆ (ಹಳೆಯ ಮನೆತನ), ಬಳಿ (ತಾಯಿಯ ಕಡೆಯ ವಂಶ), ಕುಟುಂಬದ ದೈವ, ಮದುವೆಯ ಸಂಬಂಧ ಹೀಗೆ ಮೂರು ನಾಲ್ಕು ಪ್ರಶ್ನೆಗಳೊಳಗೆ ಇಬ್ಬರಿಗೂ ಗೊತ್ತಿರುವ ಮೂರನೆಯವರೊಬ್ಬರು ಸಿಕ್ಕಿಬಿಡುತ್ತಾರೆ. ಆ ಮೂರನೆಯವರೇ ಜಾಮೀನು. ಮುಂಬೈಯಲ್ಲಿ ಹುಟ್ಟಿ ಬೆಳೆದವರು ಕೂಡ ವರ್ಷಕ್ಕೊಮ್ಮೆ ದೈವದ ನೇಮಕ್ಕೆ ಬಂದಾಗ ಇದೇ ಲೆಕ್ಕದಲ್ಲಿ ಊರಿನವರಾಗುತ್ತಾರೆ. ಬ್ಯಾರಿ, ಕ್ರೈಸ್ತ, ಕೊಂಕಣಿ ಸಮುದಾಯಗಳಲ್ಲಿ ಪ್ರಶ್ನೆಗಳು ಬೇರೆ, ಕ್ರಮ ಇದೇ: ಜಮಾತ್ ಯಾವುದು, ಯಾವ ಇಗರ್ಜಿ (ಚರ್ಚ್), ಯಾವ ದೇವಸ್ಥಾನದ ಕುಳಾವಿಗಳು (ಕುಲದ ಭಕ್ತರು).

ಇದು ಸಣ್ಣ ವ್ಯವಸ್ಥೆಯಲ್ಲ. 1906ರಲ್ಲಿ ಮಂಗಳೂರು ಮತ್ತು ಉಡುಪಿಯಲ್ಲಿ, ನಂತರ 1925ರಲ್ಲಿ ಉಡುಪಿಯಲ್ಲಿ, 1931ರಲ್ಲಿ ಮಂಗಳೂರಿನಲ್ಲಿ ಹುಟ್ಟಿ ಮುಂದೆ ರಾಷ್ಟ್ರೀಯ ಬ್ಯಾಂಕುಗಳಾದ ಕೆನರಾ, ಕಾರ್ಪೊರೇಷನ್, ಸಿಂಡಿಕೇಟ್, ವಿಜಯಾ ಸಂಸ್ಥೆಗಳೆಲ್ಲ ಇಂಥ ಪರಿಚಯದ ಬಲದ ಮೇಲೆಯೇ ಠೇವಣಿ ಕೂಡಿಸಿದವು. ಪರಿಚಯವೇ ಬಂಡವಾಳವಾದ ಇಂಥ ಊರಿನಲ್ಲಿ, ಆ ಜಾಲದ ಯಾವ ಎಳೆಗೂ ಸಿಗದ ಮನುಷ್ಯ ಬರಿಯ ಹೊಸಬನಾಗಿ ಕಾಣುವುದಿಲ್ಲ, ಲೆಕ್ಕಕ್ಕೇ ಸಿಗದವನಾಗಿ ಕಾಣುತ್ತಾನೆ. ದೊಡ್ಡ ನಗರಗಳಲ್ಲಿ ಪಕ್ಕದ ಮನೆಯವರ ಹೆಸರು ಗೊತ್ತಿಲ್ಲದಿರುವುದು ಸಾಮಾನ್ಯ. ಇಲ್ಲಿ ಅದು ಅಸಹಜ. ಕರಾವಳಿಯವರು ಬೇರೆಯವರಿಗಿಂತ ಸಂಕುಚಿತ ಮನಸ್ಸಿನವರು ಎಂಬ ಹೊರಗಿನ ಟೀಕೆ ಈ ಅಂಶವನ್ನು ಮರೆಯುತ್ತದೆ. ಪರಿಚಯದ ಜಾಲ ಗಟ್ಟಿಯಾಗಿರುವ ಕಡೆಯಲ್ಲೇ ಅಪರಿಚಿತತೆ ಎದ್ದು ಕಾಣುವುದು.

ಮೇಸ್ತ್ರಿಯ ಜಾಲ

ಬಂದವರಿಗೂ ಜಾಲವಿದೆ. ಜಾರ್ಖಂಡ್, ಒಡಿಶಾ, ಪಶ್ಚಿಮ ಬಂಗಾಳ, ಅಸ್ಸಾಂ, ಆಂಧ್ರ, ಉತ್ತರ ಕರ್ನಾಟಕಗಳಿಂದ ಬರುವವರು ಒಬ್ಬೊಬ್ಬರಾಗಿ ರೈಲು ಹತ್ತಿ ಬರುವುದು ಕಡಿಮೆ. ಊರಿನ ಒಬ್ಬ ಮೊದಲು ಬಂದಿರುತ್ತಾನೆ. ಅವನ ಮಾತಿನ ಮೇಲೆ ಅಣ್ಣ ತಮ್ಮಂದಿರು, ನೆರೆಯವರು ಬರುತ್ತಾರೆ. ಅವರನ್ನು ಮೇಸ್ತ್ರಿಯೊಬ್ಬ ಬೋಟಿಗೆ, ಕಟ್ಟಡಕ್ಕೆ, ಮೀನಿನ ಕಾರ್ಖಾನೆಗೆ, ಅಡಿಕೆ ತೋಟಕ್ಕೆ ಹಂಚುತ್ತಾನೆ. ಯಾರು ಯಾವ ಜಿಲ್ಲೆಯವನು, ಯಾರ ಮಗ, ಯಾರಿಗೆ ಎಷ್ಟು ಮುಂಗಡ ಕೊಟ್ಟಿದೆ ಎಂಬುದೆಲ್ಲ ಆ ಮೇಸ್ತ್ರಿಗೆ ಬಾಯಿಪಾಠ. ಅಂದರೆ ಇವರು ಗುರುತಿಲ್ಲದ ಜನರೇನೂ ಅಲ್ಲ. ಅವರ ಗುರುತು ದಾಖಲಾಗಿರುವ ಪುಸ್ತಕ ಊರಿನವರ ಕೈಗೆ ಸಿಗುವುದಿಲ್ಲ, ಅಷ್ಟೆ.

ಎರಡು ಜಾಲಗಳು ಒಂದನ್ನೊಂದು ಮುಟ್ಟುವ ಜಾಗಗಳೂ ಕಡಿಮೆ. ಕಾರ್ಮಿಕರ ವಾಸ ಬೈಕಂಪಾಡಿ ಕೈಗಾರಿಕಾ ಪ್ರದೇಶದ ಶೆಡ್‌ಗಳಲ್ಲಿ, ನಿರ್ಮಾಣ ಹಂತದ ಕಟ್ಟಡಗಳ ನೆಲ ಅಂತಸ್ತಿನಲ್ಲಿ, ಬೋಟು ನಿಲ್ಲುವ ದಕ್ಕೆಯ ಬಳಿಯ ಬಾಡಿಗೆ ಕೋಣೆಗಳಲ್ಲಿ, ಕೆಲವೊಮ್ಮೆ ಬೋಟಿನಲ್ಲೇ. ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧವಿರುವುದರಿಂದ ಬೋಟಿನಲ್ಲಿ ದುಡಿಯುವ ಕಲಾಸಿಗಳು ಮಳೆಗಾಲಕ್ಕೆ ಮುಂಚೆ ಊರಿಗೆ ಹೋಗುತ್ತಾರೆ, ಆಗಸ್ಟ್‌ನಲ್ಲಿ ಮರಳುತ್ತಾರೆ. ಮರಳಿದವರಲ್ಲಿ ಎಷ್ಟೋ ಮುಖಗಳು ಬೇರೆಯವಾಗಿರುತ್ತವೆ. ಮೊಸರುಕುಡಿಕೆಗೂ ಚೌತಿಗೂ ಚಂದಾ ಕೊಡುವ ಅಂಗಡಿಯವನಂತೆ ಅಥವಾ ಮಗುವನ್ನು ಶಾಲೆಗೆ ಸೇರಿಸಿದ ಕುಟುಂಬದಂತೆ ಇವರು ಊರಿನ ವಾರ್ಷಿಕ ಲೆಕ್ಕಕ್ಕೆ ಸೇರಿಕೊಳ್ಳುವ ಅವಕಾಶವೇ ಒದಗುವುದಿಲ್ಲ.

ಮನಸ್ಸು ಲೆಕ್ಕ ತಪ್ಪುವುದು ಹೇಗೆ

ಕಡಿಮೆ ಕಾಣಿಸಿಕೊಳ್ಳುವ ಗುಂಪಿನ ಬಗ್ಗೆ ನಮ್ಮ ಅಂದಾಜು ಏಕೆ ಕೆಟ್ಟದಾಗುತ್ತದೆ ಎಂಬುದನ್ನು ಮನೋವಿಜ್ಞಾನಿಗಳಾದ ಡೇವಿಡ್ ಹ್ಯಾಮಿಲ್ಟನ್ ಮತ್ತು ರಾಬರ್ಟ್ ಗಿಫರ್ಡ್ 1976ರಲ್ಲಿ ಸರಳವಾದ ಪ್ರಯೋಗವೊಂದರಿಂದ ತೋರಿಸಿದರು. ಎರಡು ಕಾಲ್ಪನಿಕ ಗುಂಪುಗಳ ಸದಸ್ಯರ ನಡತೆಯನ್ನು ವಿವರಿಸುವ ವಾಕ್ಯಗಳನ್ನು ಜನರಿಗೆ ಓದಲು ಕೊಟ್ಟರು. ಮೊದಲ ಗುಂಪಿನ ಬಗ್ಗೆ 26 ವಾಕ್ಯಗಳು: 18 ಒಳ್ಳೆಯವು, 8 ಕೆಟ್ಟವು. ಎರಡನೆಯದರ ಬಗ್ಗೆ 13: ಅದರಲ್ಲಿ 9 ಒಳ್ಳೆಯವು, 4 ಕೆಟ್ಟವು. ಪ್ರಮಾಣ ಎರಡರಲ್ಲೂ ಒಂದೇ. ಆದರೂ ಓದಿದವರು ಸಣ್ಣ ಗುಂಪಿನ ಕೆಟ್ಟ ನಡತೆಗಳು ಇದ್ದದ್ದಕ್ಕಿಂತ ಹೆಚ್ಚು ಎಂದು ನೆನಪಿಟ್ಟುಕೊಂಡರು. ಸಣ್ಣ ಗುಂಪು ಅಪರೂಪ, ಕೆಟ್ಟ ಕೆಲಸವೂ ಅಪರೂಪ. ಎರಡು ಅಪರೂಪಗಳು ಒಟ್ಟಿಗೆ ಬಂದಾಗ ಮನಸ್ಸಿನಲ್ಲಿ ಅಚ್ಚೊತ್ತುತ್ತವೆ.

ಇಲ್ಲಿ ಗಮನಿಸಬೇಕಾದದ್ದು, ಆ ಗುಂಪುಗಳಿಗೆ ಹೆಸರೂ ಇರಲಿಲ್ಲ, ಧರ್ಮವೂ ಇರಲಿಲ್ಲ. ದ್ವೇಷದ ಲವಲೇಶವಿಲ್ಲದೆಯೂ ಲೆಕ್ಕ ತಪ್ಪಿತು. ಹಾಗಾಗಿ ಮೀನು ಕದ್ದ ಸ್ಥಳೀಯನೊಬ್ಬ ‘ಕಳ್ಳ’ನಾಗಿ ಮಾತ್ರ ಉಳಿಯುತ್ತಾನೆ, ಹೊರಗಿನವನೊಬ್ಬ ಕದ್ದರೆ ‘ಇವರೆಲ್ಲ ಹೀಗೆಯೇ’ ಎಂಬ ಮಾತು ಬರುತ್ತದೆ. ಪತ್ರಿಕೆಯ ಶೀರ್ಷಿಕೆಗಳು ಈ ತಪ್ಪನ್ನು ಇಮ್ಮಡಿಗೊಳಿಸುತ್ತವೆ: ಆರೋಪಿ ಹೊರರಾಜ್ಯದವನಾದರೆ ‘ಹೊರರಾಜ್ಯದ ಕಾರ್ಮಿಕ’ ಎಂಬ ವಿಶೇಷಣ ಬೀಳುತ್ತದೆ, ಊರಿನವನಾದರೆ ‘ಯುವಕ’ ಎಂದಷ್ಟೇ.

ಇದರ ಮೇಲೆ ಮೊಬೈಲ್ ಬಂತು. 2018ರ ಮೇಯಿಂದ ಜುಲೈವರೆಗೆ ದೇಶದ ಹಲವೆಡೆ ಮಕ್ಕಳ ಕಳ್ಳರ ವದಂತಿ ಹರಡಿ ಅಮಾಯಕರು ಸತ್ತರು. ಮಹಾರಾಷ್ಟ್ರದ ಧುಳೆ ಜಿಲ್ಲೆಯ ರೈನ್‌ಪಾಡಾದಲ್ಲಿ ಅಲೆಮಾರಿ ಸಮುದಾಯದ ಐವರನ್ನು ಕೊಲ್ಲಲಾಯಿತು. ನಮ್ಮದೇ ರಾಜ್ಯದ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ, ದಾರಿಯಲ್ಲಿ ಮಕ್ಕಳಿಗೆ ಚಾಕೊಲೇಟ್ ಕೊಟ್ಟಿದ್ದ ಪ್ರವಾಸಿಗರ ಕಾರನ್ನು ತಡೆದು ಹಲ್ಲೆ ನಡೆಸಿದ ಗುಂಪು ಹೈದರಾಬಾದಿನ ಯುವಕನೊಬ್ಬನನ್ನು ಬಲಿ ತೆಗೆದುಕೊಂಡಿತು. ಕಾರು ಮುರ್ಕಿ ತಲುಪುವ ಮೊದಲೇ ಸಂದೇಶ ತಲುಪಿತ್ತು. ಆ ಜುಲೈಯಲ್ಲಿಯೇ ವಾಟ್ಸ್‌ಆ್ಯಪ್ ಭಾರತದಲ್ಲಿ ಒಂದು ಸಂದೇಶವನ್ನು ಒಮ್ಮೆಗೆ ಐದು ಕಡೆಗೆ ಮಾತ್ರ ಕಳುಹಿಸಬಹುದೆಂಬ ಮಿತಿ ತಂದಿತು. ಮಿತಿಯಿಂದ ವೇಗ ತಗ್ಗಿತು, ಆದರೆ ಗೇಟೆಡ್ ಲೇಔಟಿನ ಗ್ರೂಪ್, ಯುವಕ ಮಂಡಲದ ಗ್ರೂಪ್, ರಿಕ್ಷಾ ಚಾಲಕರ ಗ್ರೂಪ್ ಹೀಗೆ ಪರಸ್ಪರ ಪರಿಚಯದವರದೇ ಗುಂಪುಗಳಲ್ಲಿ ಬರುವ ಮಾತಿಗೆ ಇರುವ ನಂಬಿಕೆ ತಗ್ಗಲಿಲ್ಲ. ಅಪರಿಚಿತರನ್ನು ಪರಿಚಯಸ್ಥರ ಮೂಲಕ ತಿಳಿಯುವ ಹಳೆಯ ಕ್ರಮವೇ ಇಲ್ಲಿ ತಲೆಕೆಳಗಾಗುತ್ತದೆ: ಮಾತು ತಂದವರು ಪರಿಚಿತರು, ಆದ್ದರಿಂದ ಮಾತೂ ನಿಜ.

ವಾದಗಳು

ಕಟ್ಟುನಿಟ್ಟಿನ ತಪಾಸಣೆ ಬೇಕೆನ್ನುವವರ ವಾದದಲ್ಲಿ ತಿರುಳಿದೆ. ಮಲ್ಪೆಯ ಬಂಧನ ಕಟ್ಟುಕಥೆಯಲ್ಲ. 2022ರ ನವೆಂಬರ್ 19ರಂದು ಮಂಗಳೂರಿನಲ್ಲಿ ಆಟೊರಿಕ್ಷಾದೊಳಗೆ ಕುಕ್ಕರ್ ಬಾಂಬ್ ಸ್ಫೋಟಿಸಿದಾಗ, ಆರೋಪಿ ಬೇರೊಬ್ಬರ ಆಧಾರ್ ಕಾರ್ಡ್ ಬಳಸಿ ಮೈಸೂರಿನಲ್ಲಿ ಕೋಣೆ ಬಾಡಿಗೆಗೆ ಪಡೆದಿದ್ದನೆಂದು ತನಿಖೆಯಲ್ಲಿ ತಿಳಿಯಿತು. ಬಂದರು, ತೈಲ ಸಂಸ್ಕರಣಾಗಾರ, ವಿಮಾನ ನಿಲ್ದಾಣ, ಉದ್ದನೆಯ ತೆರೆದ ಸಮುದ್ರತೀರ ಎಲ್ಲ ಇರುವ ಜಿಲ್ಲೆಗಳಿಗೆ ಭದ್ರತೆಯ ಚಿಂತೆ ಅತಿರೇಕವೆನ್ನಲಾಗದು. ಕರಾವಳಿ ಕಾವಲು ಪೊಲೀಸ್ ಪಡೆಯ ಕೇಂದ್ರ ಕಚೇರಿ ಮಲ್ಪೆಯಲ್ಲೇ ಇರುವುದು ಸುಮ್ಮನಲ್ಲ. ಆದರೆ ಈ ಎರಡೂ ಉದಾಹರಣೆಗಳನ್ನು ಪೂರ್ತಿ ಓದಬೇಕು. ಕುಕ್ಕರ್ ಪ್ರಕರಣದ ಆರೋಪಿ ದೂರದ ರಾಜ್ಯದವನಲ್ಲ, ತೀರ್ಥಹಳ್ಳಿಯವನು. ಭಾಷೆ, ಮುಖ ನೋಡಿ ಅವನನ್ನು ಯಾರೂ ತಡೆಯುತ್ತಿರಲಿಲ್ಲ. ಮಲ್ಪೆಯ ಗುಂಪಿನ ಸುಳಿವು ಸಿಕ್ಕಿದ್ದು ಅವರಲ್ಲೊಬ್ಬ ಮಂಗಳೂರು ವಿಮಾನ ನಿಲ್ದಾಣದಲ್ಲಿ ನಕಲಿ ಪಾಸ್‌ಪೋರ್ಟ್‌ನೊಂದಿಗೆ ಸಿಕ್ಕಿಬಿದ್ದಾಗ. ಅಂದರೆ ಕೆಲಸ ಮಾಡಿದ್ದು ದಾಖಲೆಯ ತಪಾಸಣೆ, ಬೀದಿಯ ಕಣ್ಣಲ್ಲ.

ಹಕ್ಕುಗಳ ಪರವಾಗಿ ಮಾತನಾಡುವವರು ಸಂವಿಧಾನದ 19ನೇ ವಿಧಿಯನ್ನು ಮುಂದಿಡುತ್ತಾರೆ. ದೇಶದ ಯಾವ ಭಾಗದಲ್ಲಾದರೂ ಸಂಚರಿಸುವ, ನೆಲೆಸುವ ಹಕ್ಕು ಪ್ರತಿ ಪ್ರಜೆಗೂ ಇದೆ. ಮಾಲ್ದಾ, ಮುರ್ಷಿದಾಬಾದ್ ಜಿಲ್ಲೆಗಳ ಭಾರತೀಯ ಬಂಗಾಳಿಯನ್ನೂ ಗಡಿಯಾಚೆಯ ಬಂಗಾಳಿಯನ್ನೂ ಮಾತಿನಿಂದ ಬೇರ್ಪಡಿಸುವುದು ಮಂಗಳೂರಿನ ಸಾಮಾನ್ಯ ನಾಗರಿಕನಿಗೆ ಸಾಧ್ಯವೇ ಇಲ್ಲ, ಅಧಿಕಾರಿಗಳೇ ಎಡವಿದ್ದಾರೆ. 2025ರ ಜೂನ್‌ನಲ್ಲಿ ದೆಹಲಿಯಲ್ಲಿ ಹಿಡಿದು ಬಾಂಗ್ಲಾದೇಶಕ್ಕೆ ದೂಡಲಾಗಿದ್ದ, ಪಶ್ಚಿಮ ಬಂಗಾಳದ ಬೀರ್‌ಭೂಮ್ ಜಿಲ್ಲೆಯ ಗರ್ಭಿಣಿಯೊಬ್ಬರನ್ನು ನ್ಯಾಯಾಲಯದ ಮಧ್ಯಪ್ರವೇಶದ ನಂತರ ಡಿಸೆಂಬರ್‌ನಲ್ಲಿ ಮರಳಿ ಕರೆತರಬೇಕಾಯಿತು. ಇಲ್ಲಿ ಇನ್ನೊಂದು ತೊಡಕೂ ಇದೆ. ‘ಆಧಾರ್ ತೋರಿಸು’ ಎಂದು ದಾರಿಯಲ್ಲಿ ನಿಲ್ಲಿಸುವವರು ಕೇಳುವ ಕಾರ್ಡು ಪೌರತ್ವಕ್ಕೆ ಪುರಾವೆಯೇ ಅಲ್ಲ. 2016ರ ಆಧಾರ್ ಕಾಯ್ದೆಯ 9ನೇ ಕಲಂ ಅದನ್ನು ಸ್ಪಷ್ಟವಾಗಿ ಹೇಳುತ್ತದೆ. ತೋರಿಸಿದರೆ ‘ನಕಲಿ’, ತೋರಿಸದಿದ್ದರೆ ‘ಬಾಂಗ್ಲಾದೇಶಿ’ ಎಂಬ ಸ್ಥಿತಿಯಲ್ಲಿ ಕಾರ್ಮಿಕನಿಗೆ ಗೆಲ್ಲುವ ದಾರಿಯಿಲ್ಲ.

ಮೂರನೆಯ ಪಕ್ಷವೊಂದಿದೆ, ಅದು ಸಾರ್ವಜನಿಕ ಚರ್ಚೆಯಲ್ಲಿ ಬಾಯಿ ಬಿಡುವುದು ಅಪರೂಪ: ಕೆಲಸ ಕೊಡುವವರು. 2020ರ ಮೇ ತಿಂಗಳಲ್ಲಿ ಲಾಕ್‌ಡೌನ್ ನಡುವೆ ನೂರಾರು ಕಾರ್ಮಿಕರು ಊರಿಗೆ ರೈಲು ಬಿಡಿ ಎಂದು ಮಂಗಳೂರು ರೈಲು ನಿಲ್ದಾಣದ ಬಳಿ ಸೇರಿದಾಗ, ಇವರಿಲ್ಲದೆ ಬೋಟೂ ಕಟ್ಟಡವೂ ಮೇಲೇಳುವುದಿಲ್ಲ ಎಂಬುದು ಎಲ್ಲರಿಗೂ ಕಂಡಿತ್ತು. ಆದರೆ ಕಾರ್ಮಿಕ ದಾಖಲೆಯಲ್ಲಿ ಕಾಣಿಸಿದರೆ ಭವಿಷ್ಯನಿಧಿ, ವಿಮೆ, ಕನಿಷ್ಠ ವೇತನ, ವಾಸದ ವ್ಯವಸ್ಥೆ ಎಲ್ಲದರ ಹೊಣೆ ಬೀಳುತ್ತದೆ. ಕಾಣದಿದ್ದರೆ ಯಾವುದೂ ಇಲ್ಲ. ಊರಿನಲ್ಲಿ ಅವನ ಮೇಲೆ ಎಷ್ಟು ಅನುಮಾನವಿದೆಯೋ ಅಷ್ಟು ಅವನು ಮೇಸ್ತ್ರಿಗೆ ಅಧೀನ. ‘ಹೊರಗಿನವರು ಹೋಗಲಿ’ ಎಂಬ ಕೂಗು ಹೆಚ್ಚಾದಷ್ಟೂ ಅವರ ಕೂಲಿ ಅಗ್ಗವಾಗುತ್ತದೆ ಎಂಬುದು ಕೂಗುವವರ ಗಮನಕ್ಕೆ ಬಂದಂತಿಲ್ಲ.

ಕಾನೂನು ಏನು ಹೇಳುತ್ತದೆ

ಸಂಶಯ ಬಂದವರನ್ನು ಹಿಡಿದು ವಿಚಾರಿಸುವ ಅಧಿಕಾರ ಸಾರ್ವಜನಿಕರಿಗೆ ಇದೆಯೆಂಬ ನಂಬಿಕೆ ವ್ಯಾಪಕವಾಗಿದೆ. ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 40ನೇ ಕಲಂ ಖಾಸಗಿ ವ್ಯಕ್ತಿಗೆ ಬಂಧನದ ಅಧಿಕಾರ ಕೊಡುವುದು ಎರಡೇ ಸಂದರ್ಭಗಳಲ್ಲಿ: ತನ್ನ ಕಣ್ಣೆದುರೇ ಜಾಮೀನುರಹಿತ ಸಂಜ್ಞೇಯ (ಪೊಲೀಸರು ವಾರಂಟ್ ಇಲ್ಲದೆ ಬಂಧಿಸಬಹುದಾದ) ಅಪರಾಧ ನಡೆದಾಗ, ಅಥವಾ ಆತ ಘೋಷಿತ ಅಪರಾಧಿಯಾಗಿದ್ದಾಗ. ಹಿಡಿದವನನ್ನು ಆರು ಗಂಟೆಗಳೊಳಗೆ ಪೊಲೀಸರಿಗೆ ಒಪ್ಪಿಸಬೇಕು. ದಾಖಲೆ ಕೇಳುವುದು, ಮೊಬೈಲ್ ತೆರೆಸುವುದು, ಘೋಷಣೆ ಕೂಗಿಸುವುದು ಇದರಲ್ಲಿ ಎಲ್ಲಿಯೂ ಇಲ್ಲ.

ಗುಂಪು ಹಲ್ಲೆಗೆ ಈಗ ಪ್ರತ್ಯೇಕ ಶಿಕ್ಷೆಯಿದೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 103(2)ನೇ ಕಲಮಿನ ಪ್ರಕಾರ, ಜನಾಂಗ, ಜಾತಿ, ಸಮುದಾಯ, ಲಿಂಗ, ಹುಟ್ಟಿದ ಊರು, ಭಾಷೆ, ವೈಯಕ್ತಿಕ ನಂಬಿಕೆಯಂಥ ಕಾರಣಕ್ಕೆ ಐದು ಅಥವಾ ಹೆಚ್ಚು ಜನ ಸೇರಿ ಕೊಂದರೆ ಗುಂಪಿನ ಪ್ರತಿಯೊಬ್ಬರಿಗೂ ಮರಣದಂಡನೆ ಅಥವಾ ಜೀವಾವಧಿ ಶಿಕ್ಷೆ. ಹುಟ್ಟಿದ ಊರು ಮತ್ತು ಭಾಷೆ ಈ ಪಟ್ಟಿಯಲ್ಲಿ ಇರುವುದು ವಲಸೆ ಕಾರ್ಮಿಕರ ಮಟ್ಟಿಗೆ ಮುಖ್ಯ. ಕಾಯ್ದೆ ಇದ್ದರೂ ಬಳಸುವ ಕೈ ಬೇಕಲ್ಲ. ಕುಡುಪು ಪ್ರಕರಣ ಮೊದಲಿಗೆ ಅಸಹಜ ಸಾವೆಂದು ದಾಖಲಾಗಿ, ಮರಣೋತ್ತರ ಪರೀಕ್ಷೆಯ ನಂತರವೇ ಗುಂಪು ಹಲ್ಲೆಯ ಪ್ರಕರಣವಾಯಿತು. ಕರ್ತವ್ಯಲೋಪಕ್ಕಾಗಿ ಮೂವರು ಪೊಲೀಸರು ಅಮಾನತಾದರು, ಇಪ್ಪತ್ತಕ್ಕೂ ಹೆಚ್ಚು ಮಂದಿಯ ಬಂಧನವಾಯಿತು. ಸತ್ತವರ ಗುರುತು ಪತ್ತೆಯಾಗುವ ಮೊದಲೇ ಅವರು ಕೂಗಿದರೆನ್ನಲಾದ ಪಾಕಿಸ್ತಾನ ಪರ ಘೋಷಣೆಯ ಸುದ್ದಿ ಎಲ್ಲೆಡೆ ಹಬ್ಬಿತ್ತು. ಹಾಗೆ ಕೂಗಿದ್ದೇ ನಿಜವೆಂದು ಇಟ್ಟುಕೊಂಡರೂ ಶಿಕ್ಷಿಸುವ ಅಧಿಕಾರ ಮೈದಾನಕ್ಕೆ ಬರುವುದಿಲ್ಲ ಎಂಬುದು ಚರ್ಚೆಯಲ್ಲಿ ಹಿಂದೆ ಸರಿಯಿತು.

ಹೆದರಿಕೆಯ ಫಲ

ಅನುಮಾನ ಬೀದಿಗೆ ಇಳಿದಾಗ ಮೊದಲು ಕುಸಿಯುವುದು ಮಾಹಿತಿ. ಪೊಲೀಸ್ ಠಾಣೆಗೆ ಹೋದರೆ ತನ್ನನ್ನೇ ಪ್ರಶ್ನಿಸುತ್ತಾರೆಂಬ ಭಯವಿರುವ ಕಾರ್ಮಿಕ, ಕೂಲಿ ಕೊಡದ ಮಾಲೀಕನ ಮೇಲೆ ದೂರು ಕೊಡುವುದಿಲ್ಲ. ಪಕ್ಕದ ಕೋಣೆಯಲ್ಲಿ ನಿಜವಾಗಿಯೂ ಸಂಶಯಾಸ್ಪದವಾದದ್ದು ನಡೆದರೂ ಹೇಳುವುದಿಲ್ಲ. ಅಕ್ರಮವಾಗಿ ಬಂದವನು ಅಡಗುವುದು ಸಕ್ರಮವಾಗಿ ಬಂದು ಹೆದರಿಕೊಂಡಿರುವವರ ನಡುವೆ. ಎಲ್ಲರೂ ಬಾಯಿ ಮುಚ್ಚಿರುವ ಶೆಡ್ಡಿನಲ್ಲಿ ಅವನಿಗೆ ಸಿಗುವಷ್ಟು ರಕ್ಷಣೆ ಬೇರೆಲ್ಲಿಯೂ ಸಿಗದು. ಭದ್ರತೆಯ ಹೆಸರಿನಲ್ಲಿ ಹುಟ್ಟಿಸುವ ಭಯ ಭದ್ರತೆಗೇ ಕುತ್ತಾಗುವುದು ಹೀಗೆ.

ಎರಡನೆಯ ಫಲ ಊರಿನೊಳಗಿನದು. ಮಲ್ಪೆಯ ಹಲ್ಲೆಯ ನಂತರ ಬಂಧನಗಳಾದಾಗ, ಬಂಧಿತರ ಪರವಾಗಿ ಮೀನುಗಾರರ ಪ್ರತಿಭಟನೆ ನಡೆಯಿತು. ಬಂದರಿನಲ್ಲಿ ಮೀನು ಕಳವಿನ ಸಮಸ್ಯೆ ನಿಜವಾಗಿಯೂ ಇದೆ, ಅದಕ್ಕೆ ಪರಿಹಾರ ಸಿಕ್ಕಿಲ್ಲ ಎಂಬ ಅಳಲು ಅಲ್ಲಿತ್ತು. ಆ ಅಳಲನ್ನು ತಳ್ಳಿಹಾಕಬೇಕಿಲ್ಲ. ಆದರೆ ಕಳವಿಗೆ ಸಿಸಿಟಿವಿ, ಕಾವಲು, ದೂರಿನ ವ್ಯವಸ್ಥೆ ಕೇಳಬೇಕಾಗಿದ್ದ ಸಂಘಟನಾಶಕ್ತಿ ಹಲ್ಲೆಯ ಸಮರ್ಥನೆಗೆ ಖರ್ಚಾಯಿತು. ಹೊಡೆಸಿಕೊಂಡವರ ಪರವಾಗಿ ಬಂದರಿನೊಳಗಿಂದ ದನಿ ಎತ್ತುವ ಸಂಘವೊಂದು ಇರಲಿಲ್ಲ.

ಈ ಅಸಮತೋಲ ಗಂಭೀರವಾದುದು. ಹಿಂದೂ ಮುಸ್ಲಿಂ ಗಲಭೆಗಳ ಬಗ್ಗೆ ಆರು ಭಾರತೀಯ ನಗರಗಳನ್ನು ಅಧ್ಯಯನ ಮಾಡಿದ ರಾಜಕೀಯ ಶಾಸ್ತ್ರಜ್ಞ ಆಶುತೋಷ್ ವಾರ್ಷ್ಣೇಯ, ದಿನನಿತ್ಯದ ನಮಸ್ಕಾರ ಚಮತ್ಕಾರಗಳಿಗಿಂತ ವ್ಯಾಪಾರಿ ಸಂಘ, ಕಾರ್ಮಿಕ ಸಂಘ, ವೃತ್ತಿಪರ ಸಂಘಗಳಲ್ಲಿ ಎರಡೂ ಸಮುದಾಯದವರ ಕೂಡು ಸದಸ್ಯತ್ವ ನಗರಗಳಲ್ಲಿ ಹಿಂಸೆಯನ್ನು ಹೆಚ್ಚು ತಡೆಯುತ್ತದೆ ಎಂದು ತೋರಿಸಿದ್ದಾರೆ. ಕರಾವಳಿಯಷ್ಟು ಸಂಘಗಳಿರುವ ಪ್ರದೇಶ ರಾಜ್ಯದಲ್ಲಿ ಬೇರೆ ಸಿಗುವುದು ಕಷ್ಟ. ಯುವಕ ಮಂಡಲ, ಭಜನಾ ಮಂದಿರ, ಕ್ರಿಕೆಟ್ ಕ್ಲಬ್, ಸೇವಾ ಟ್ರಸ್ಟ್ ಇಲ್ಲದ ವಾರ್ಡ್ ಇಲ್ಲ. ವಲಸೆ ಕಾರ್ಮಿಕ ಇರುವ ಸಂಘ ಇವುಗಳಲ್ಲಿ ಎಷ್ಟಿದೆ?

ಒಟ್ಟಿಗೆ ಇದ್ದರೆ ಸಾಕೇ

ಒಡನಾಟ ಹೆಚ್ಚಿದರೆ ಅನುಮಾನ ತಾನಾಗಿ ಕರಗುತ್ತದೆ ಎಂಬ ಸದಾಶಯದ ಮಾತು ಅರ್ಧ ಸತ್ಯ. ಮನೋವಿಜ್ಞಾನಿ ಗಾರ್ಡನ್ ಆಲ್‌ಪೋರ್ಟ್ 1954ರಲ್ಲಿಯೇ ಒಡನಾಟ ಫಲ ಕೊಡಲು ಸಮಾನ ಸ್ಥಾನ, ಸಮಾನ ಗುರಿ, ಸಹಕಾರ, ಅಧಿಕಾರಸ್ಥರ ಬೆಂಬಲ ಬೇಕೆಂದಿದ್ದರು. ಉತ್ತರ ಪ್ರದೇಶದ ಹಳ್ಳಿಗಳಲ್ಲಿ ಅರ್ಥಶಾಸ್ತ್ರಜ್ಞ ಮ್ಯಾಟ್ ಲೋ ಕ್ರಿಕೆಟ್ ಲೀಗ್‌ಗಳನ್ನೇ ಏರ್ಪಡಿಸಿ ಇದನ್ನು ಪರೀಕ್ಷಿಸಿದರು. 2021ರಲ್ಲಿ ಪ್ರಕಟವಾದ ಫಲಿತಾಂಶದಂತೆ, ಬೇರೆ ಬೇರೆ ಜಾತಿಯ ಯುವಕರು ಒಂದೇ ತಂಡದಲ್ಲಿ ಆಡಿದಾಗ ಜಾತಿ ಮೀರಿದ ಗೆಳೆತನ ಹೆಚ್ಚಿತು, ಎದುರಾಳಿಗಳಾಗಿ ಆಡಿದಾಗ ಅಂಥ ಲಾಭ ಕಾಣಲಿಲ್ಲ, ಬದಲಾಗಿ ನಷ್ಟದ ಕಡೆಗೇ ವಾಲಿತು. ಬಾಡಿಗೆದಾರ ಮತ್ತು ಮನೆಮಾಲೀಕ, ಕಲಾಸಿ ಮತ್ತು ಬೋಟ್ ಮಾಲೀಕ ಪ್ರತಿದಿನ ಭೇಟಿಯಾದರೂ ಸ್ಥಾನ ಸಮಾನವಲ್ಲ. ಒಂದೇ ಬೋಟಿನಲ್ಲಿ ವಾರಗಟ್ಟಲೆ ಕಡಲಿನಲ್ಲಿರುವ ಬೋಟು ನಡೆಸುವ ಸ್ಥಳೀಯ ತಾಂಡೇಲನಿಗೂ ಒಡಿಶಾದ ಕಲಾಸಿಗೂ ನಡುವೆ ಬೆಳೆಯುವ ವಿಶ್ವಾಸ ದಡದಲ್ಲಿ ಬೆಳೆಯದಿರುವುದಕ್ಕೆ ಇದು ಒಂದು ವಿವರಣೆ.

ಕರಾವಳಿಗರೂ ಹಿಂದೆ ಹೊರಗಿನವರಾಗಿದ್ದರಲ್ಲ ಎಂದು ನೆನಪಿಸುವವರಿದ್ದಾರೆ. 1966ರಲ್ಲಿ ಶಿವಸೇನೆ ಹುಟ್ಟಿದ ನಂತರದ ವರ್ಷಗಳಲ್ಲಿ ಮುಂಬೈಯ ಉಡುಪಿ ಹೋಟೆಲುಗಳು ದಕ್ಷಿಣ ಭಾರತೀಯರ ವಿರುದ್ಧದ ದಾಳಿಗೆ ಗುರಿಯಾದದ್ದು ನಿಜ. ಆದರೆ ಹಳೆಯ ಪೆಟ್ಟಿನ ನೆನಪು ಹೊಸ ಪೆಟ್ಟನ್ನು ತಡೆಯುತ್ತದೆ ಎನ್ನಲು ಆಧಾರ ಕಡಿಮೆ. ಅಂದು ಅವರನ್ನು ಉಳಿಸಿದ್ದು ಅನುಕಂಪಕ್ಕಿಂತ ಹೆಚ್ಚಾಗಿ ಸ್ವಂತ ಸಂಘಗಳು, ರಾತ್ರಿ ಶಾಲೆಗಳು, ಹೋಟೆಲು ಮಾಲೀಕರ ಒಗ್ಗಟ್ಟು.

ಪುಸ್ತಕ ಯಾರ ಬಳಿ ಇರಬೇಕು

ಮೇಸ್ತ್ರಿಯ ಬಾಯಿಪಾಠವನ್ನು ಸಾರ್ವಜನಿಕ ದಾಖಲೆಯಾಗಿಸುವ ಯೋಚನೆ ಹೊಸದಲ್ಲ. 1979ರ ಅಂತರರಾಜ್ಯ ವಲಸೆ ಕಾರ್ಮಿಕರ ಕಾಯ್ದೆ ಐದು ಅಥವಾ ಹೆಚ್ಚು ಮಂದಿಯನ್ನು ತರುವ ಗುತ್ತಿಗೆದಾರನಿಗೆ ಪರವಾನಗಿಯನ್ನೂ, ಪ್ರತಿ ಕಾರ್ಮಿಕನಿಗೆ ಭಾವಚಿತ್ರವಿರುವ ಪಾಸ್‌ಪುಸ್ತಕವನ್ನೂ ಕಡ್ಡಾಯ ಮಾಡಿತ್ತು. ಅದು ಹೆಚ್ಚಾಗಿ ಕಾಗದದಲ್ಲೇ ಉಳಿಯಿತು. 2025ರ ನವೆಂಬರ್ 21ರಂದು ಜಾರಿಗೆ ಬಂದ ಔದ್ಯೋಗಿಕ ಸುರಕ್ಷತಾ ಸಂಹಿತೆ ಆ ಕಾಯ್ದೆಯನ್ನು ತನ್ನೊಳಗೆ ಸೇರಿಸಿಕೊಂಡಿದೆ. ಸ್ವಂತವಾಗಿ ಬಂದ ಕಾರ್ಮಿಕರನ್ನೂ ವಲಸಿಗರೆಂದು ಗುರುತಿಸಿರುವುದು ಒಳ್ಳೆಯ ಬದಲಾವಣೆ. ಆದರೆ ವಲಸೆ ಕಾರ್ಮಿಕರ ಅಧ್ಯಾಯ ಅನ್ವಯಿಸಲು ಬೇಕಾದ ಸಂಖ್ಯೆ ಐದರಿಂದ ಹತ್ತಕ್ಕೆ ಏರಿದೆ. ಸಾಮಾನ್ಯ ಟ್ರಾಲ್ ಬೋಟಿನಲ್ಲಿ, ಅಡಿಕೆ ಸುಲಿಯುವ ತಂಡದಲ್ಲಿ, ಮನೆ ಕಟ್ಟುವ ಸಣ್ಣ ಮೇಸ್ತ್ರಿಯ ಕೈಕೆಳಗೆ ಹತ್ತು ಮಂದಿ ಇರುವುದಿಲ್ಲ. ಕರಾವಳಿಯ ಮಟ್ಟಿಗೆ ಕಾಯ್ದೆಯ ಬಲೆಯಿಂದ ಜಾರುವುದು ಸಣ್ಣ ಮೀನುಗಳೇ, ಮತ್ತು ಅನುಮಾನ ಹೆಚ್ಚು ಬೀಳುವುದೂ ಅವುಗಳ ಮೇಲೆಯೇ.

ಈ ಸಣ್ಣ ತಂಡಗಳ ವಿವರವನ್ನು ಸದ್ಯ ಕೇಳುತ್ತಿರುವುದು ಪೊಲೀಸರು ಮಾತ್ರ, ಅದೂ ಯಾವುದಾದರೂ ಘಟನೆಯ ನಂತರ, ಕಾರ್ಮಿಕರನ್ನೇ ಸಾಲಾಗಿ ನಿಲ್ಲಿಸಿ. ಅದರ ಬದಲು ಪ್ರತಿ ಆಗಸ್ಟ್‌ನಲ್ಲಿ ಬೋಟ್ ಮಾಲೀಕರ ಸಂಘ ತನ್ನ ಕಲಾಸಿಗಳ ಪಟ್ಟಿಯನ್ನು, ಕಟ್ಟಡ ಪರವಾನಗಿ ಪಡೆಯುವವರು ತಮ್ಮ ಮೇಸ್ತ್ರಿಯ ಪಟ್ಟಿಯನ್ನು ಕಾರ್ಮಿಕ ಇಲಾಖೆಗೂ ಗ್ರಾಮ ಪಂಚಾಯಿತಿಗೂ ಕೊಡಬೇಕೆಂದರೆ, ತಪ್ಪು ಮಾಹಿತಿಯ ಹೊಣೆ ಕೊಟ್ಟವರ ಮೇಲೆ ಬೀಳುತ್ತದೆ. ಪಟ್ಟಿ ಠಾಣೆಯಲ್ಲಿ ಮಾತ್ರ ಇದ್ದರೆ ಅದು ಸಂಶಯಿತರ ಪಟ್ಟಿಯಾಗುತ್ತದೆ. ಪಂಚಾಯಿತಿಯಲ್ಲಿ ಇದ್ದರೆ ಅದೇ ಪಟ್ಟಿಯಿಂದ ಪಡಿತರ, ಲಸಿಕೆ, ಮಕ್ಕಳ ಶಾಲೆಯ ಲೆಕ್ಕವೂ ನಡೆಯುತ್ತದೆ, ಠಾಣೆಗೆ ಬೇಕಾದಾಗ ಅಲ್ಲಿಂದ ಪಡೆಯಲು ಅಡ್ಡಿಯಿಲ್ಲ. ಮಾಲೀಕರ ಸಂಘಗಳು ಇದಕ್ಕೆ ಸುಲಭವಾಗಿ ಒಪ್ಪಲಾರವು, ಏಕೆಂದರೆ ಪಟ್ಟಿಯಲ್ಲಿ ಹೆಸರಿದ್ದವನಿಗೆ ವೇತನದ ಲೆಕ್ಕವನ್ನೂ ಕೇಳುವ ಹಕ್ಕು ಬರುತ್ತದೆ. ಹೊರಗಿನವರ ಬಗ್ಗೆ ಆತಂಕ ವ್ಯಕ್ತಪಡಿಸುವ ಜನಪ್ರತಿನಿಧಿಗಳು ಆ ವಿರೋಧವನ್ನು ಎದುರಿಸಲು ಸಿದ್ಧರಿದ್ದಾರೆಯೇ ಎಂಬುದರಿಂದ ಅವರ ಆತಂಕ ಯಾವುದರ ಬಗ್ಗೆ ಎಂಬುದು ತಿಳಿಯುತ್ತದೆ.